ಮಾರಾಟವಾಗದ ಮನೆಯ ಲೆಕ್ಕ

ಅಮೆರಿಕದಲ್ಲಿ ಮನೆ ಮಾರಬೇಕೆಂದವರು ಹೆಚ್ಚಾಗಿ ಒಬ್ಬ ಏಜೆಂಟರೊಂದಿಗೆ ಕೆಲವು ತಿಂಗಳ ಕರಾರು ಮಾಡಿಕೊಳ್ಳುತ್ತಾರೆ. ಏಜೆಂಟರು ಆ ಮನೆಯ ವಿವರವನ್ನು ತಮ್ಮ ಪ್ರದೇಶದ ಮಲ್ಟಿಪಲ್ ಲಿಸ್ಟಿಂಗ್ ಸರ್ವಿಸ್ ಎಂಬ ಪಟ್ಟಿಗೆ ಸೇರಿಸುತ್ತಾರೆ. ಎಂ.ಎಲ್.ಎಸ್. ಎಂದು ಎಲ್ಲರ ಬಾಯಲ್ಲಿರುವ ಈ ಪಟ್ಟಿ ಸರ್ಕಾರದ್ದಲ್ಲ. ದಿನವಿಡೀ ಒಬ್ಬರ ಮೇಲೊಬ್ಬರು ಪೈಪೋಟಿಗಿಳಿಯುವ ದಲ್ಲಾಳಿಗಳೇ ಕೂಡಿ ಕಟ್ಟಿಕೊಂಡದ್ದು. ದೇಶದ ಉದ್ದಗಲಕ್ಕೆ ಇಂಥ ನೂರಾರು ಪಟ್ಟಿಗಳಿವೆ. ಒಬ್ಬರ ಕೈಗೆ ಬಂದ ಮನೆ ಆ ಪ್ರದೇಶದ ಎಲ್ಲ ಏಜೆಂಟರಿಗೂ ಕಾಣುತ್ತದೆ, ಅಲ್ಲಿಂದ ಜನಸಾಮಾನ್ಯರು ನೋಡುವ ಜಾಲತಾಣಗಳಿಗೂ ಹರಿಯುತ್ತದೆ. ಬೆಲೆ, ವಿಸ್ತೀರ್ಣ, ಕೋಣೆಗಳ ಸಂಖ್ಯೆ, ಕಟ್ಟಿದ ವರ್ಷ ಇವುಗಳ ಸಾಲಿನಲ್ಲಿ ಇನ್ನೊಂದು ಸಣ್ಣ ಅಂಕಿಯೂ ಇರುತ್ತದೆ: ಮನೆ ಮಾರಾಟಕ್ಕೆ ಬಂದು ಎಷ್ಟು ದಿನವಾಯಿತು ಎಂಬುದು. ‘ಡೇಸ್ ಆನ್ ಮಾರ್ಕೆಟ್’ ಎಂದು ಅದನ್ನು ಕರೆಯುತ್ತಾರೆ. ಇವತ್ತಿನ ಮಾತೆಲ್ಲ ಈ ಒಂದು ಅಂಕಿಯ ಬಗ್ಗೆ.

ಒಂದು ಮನೆ ನಾಲ್ಕು ತಿಂಗಳಾದರೂ ಮಾರಾಟವಾಗಲಿಲ್ಲ ಎಂದುಕೊಳ್ಳೋಣ. ಪಟ್ಟಿಯಲ್ಲಿ ಅದರ ಮುಂದೆ ನೂರಿಪ್ಪತ್ತು ದಿನ ಎಂದು ಕಾಣುತ್ತಿದೆ. ಏಜೆಂಟರು ಒಂದು ಸಂಜೆ ಆ ನಮೂದನ್ನು ರದ್ದು ಮಾಡುತ್ತಾರೆ. ಮರುದಿನವೋ ಒಂದು ವಾರ ಬಿಟ್ಟೋ ಅದೇ ಮನೆಯನ್ನು ಹೊಸ ನಮೂದಾಗಿ ಸೇರಿಸುತ್ತಾರೆ. ಚಿತ್ರಗಳ ಕ್ರಮ ಬದಲಾಗಿರುತ್ತದೆ, ಹುಲ್ಲುಹಾಸಿನ ಒಂದು ಹೊಸ ಫೋಟೋ ಸೇರಿರುತ್ತದೆ, ಬೆಲೆ ಒಂದಿಷ್ಟು ಆಚೀಚೆ ಆಗಿರುತ್ತದೆ ಅಥವಾ ಅದೂ ಇಲ್ಲ. ನಮೂದಿಗೆ ಹೊಸ ಸಂಖ್ಯೆ ಸಿಗುತ್ತದೆ, ದಿನಗಳ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಆ ಭಾಗದಲ್ಲಿ ಮನೆ ಹುಡುಕುತ್ತಿರುವವರ ಫೋನಿಗೆ ‘ಹೊಸ ಮನೆ ಮಾರಾಟಕ್ಕಿದೆ’ ಎಂಬ ಸೂಚನೆ ಹೋಗುತ್ತದೆ. ಗೋಡೆಯೂ ಛಾವಣಿಯೂ ನೆಲಮಾಳಿಗೆಯ ತೇವವೂ ನಿನ್ನೆ ಇದ್ದಂತೆಯೇ ಇವೆ; ಹಿಂದಿನ ನಾಲ್ಕು ತಿಂಗಳು ಮಾತ್ರ ಇಲ್ಲ. ಏಜೆಂಟರ ವಲಯದಲ್ಲಿ ಇದನ್ನು ಮಾರಾಟದ ಜಾಣ್ಮೆ ಎನ್ನುವವರಿದ್ದಾರೆ, ಗ್ರಾಹಕರಿಗೆ ಸಲ್ಲಿಸುವ ಸೇವೆ ಎನ್ನುವವರೂ ಇದ್ದಾರೆ. ಲೆಕ್ಕವನ್ನು ಸೊನ್ನೆಗಿಳಿಸುವುದಕ್ಕಾಗಿಯೇ ಮಾಡುವ ಇಂಥ ಮರುನಮೂದು ತಪ್ಪು ಎಂಬುದು ನನ್ನ ವಾದ. ಅದು ಕಾನೂನಿನ ಯಾವುದೋ ಸಂದಿಯಲ್ಲಿ ಸಿಕ್ಕಿಬೀಳುವ ತಪ್ಪಲ್ಲ, ನಂಬಿಕೆಯ ಮೇಲೆ ನಿಂತ ಒಂದು ಸಾರ್ವಜನಿಕ ದಾಖಲೆಯನ್ನು ಕೆಡಿಸುವ ತಪ್ಪು.

ಈ ಅಂಕಿ ಹುಟ್ಟುವುದು ಎಲ್ಲಿಂದ ಎಂದು ಮೊದಲು ನೋಡಬೇಕು. ಬೆಲೆಯನ್ನು ಮಾರುವವರು ನಿರ್ಧರಿಸುತ್ತಾರೆ, ವರ್ಣನೆಯನ್ನು ಏಜೆಂಟರು ಬರೆಯುತ್ತಾರೆ. ದಿನಗಳ ಲೆಕ್ಕವನ್ನು ಮಾತ್ರ ಅವರಿಬ್ಬರೂ ಬರೆಯುವುದಿಲ್ಲ. ಮನೆ ನೋಡಲು ಬಂದು, ನಲ್ಲಿ ತಿರುಗಿಸಿ, ಗೋಡೆಯ ಬಿರುಕನ್ನು ಮುಟ್ಟಿ, ರಸ್ತೆಯ ಸದ್ದಿಗೆ ಕಿವಿಗೊಟ್ಟು, ‘ಈ ಬೆಲೆಗೆ ಬೇಡ’ ಎಂದು ಹಿಂತಿರುಗಿದ ಅಪರಿಚಿತರೆಲ್ಲ ಸೇರಿ ಅದನ್ನು ಬರೆದಿರುತ್ತಾರೆ. ಮಾರುವವರಿಗೆ ತಮ್ಮ ಸರಕಿನ ಬಗ್ಗೆ ಗೊತ್ತಿರುವಷ್ಟು ಕೊಳ್ಳುವವರಿಗೆ ಗೊತ್ತಿರದಿದ್ದಾಗ ಮಾರುಕಟ್ಟೆಯೇ ಹೇಗೆ ಹದಗೆಡುತ್ತದೆ ಎಂಬುದನ್ನು ಜಾರ್ಜ್ ಆಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂದದ್ದರಲ್ಲಿ ಆ ಪ್ರಬಂಧದ ಪಾಲು ದೊಡ್ಡದು. ಮನೆಯ ಮಾರುಕಟ್ಟೆಯಲ್ಲಿ ಆ ಅಂತರವನ್ನು ಒಂದಿಷ್ಟಾದರೂ ಕಿರಿದು ಮಾಡುವ ಕೆಲವೇ ಸಾಧನಗಳಲ್ಲಿ ಈ ದಿನಗಳ ಲೆಕ್ಕವೂ ಒಂದು. ಕರ್ಟಿಸ್ ಟೇಲರ್ ಎಂಬ ಅರ್ಥಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಪ್ರಬಂಧವೂ ಇದನ್ನೇ ಪರೀಕ್ಷಿಸುತ್ತದೆ. ಬಹುಕಾಲ ಮಾರಾಟವಾಗದೆ ಉಳಿದ ಮನೆಯಲ್ಲಿ ಏನೋ ಕೊರತೆಯಿರಬಹುದು ಎಂದು ಕೊಳ್ಳುವವರು ಊಹಿಸುವುದು ಮೂಢನಂಬಿಕೆಯಲ್ಲ, ಕೈಯಲ್ಲಿರುವ ಸುಳಿವನ್ನು ಬಳಸುವ ವಿವೇಕ. ತನಗಿಂತ ಮೊದಲು ನೋಡಿದವರು ಕಂಡದ್ದೇನು ಎಂದು ಅವರನ್ನೇ ಕೇಳುವ ದಾರಿ ಕೊಳ್ಳುವವರಿಗೆ ಇಲ್ಲ. ಅವರು ಹೇಳದೆ ಬಿಟ್ಟುಹೋದ ತೀರ್ಪಿನ ಗುರುತಾಗಿ ಉಳಿದಿರುವುದು ಈ ಅಂಕಿಯೊಂದೇ.

ಈ ಗುರುತಿಗೆ ಹಣದಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ಅಳೆಯುವ ಅಪರೂಪದ ಅವಕಾಶ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಒದಗಿತು. 2006ರ ಏಪ್ರಿಲ್‌ನಲ್ಲಿ ಅಲ್ಲಿನ ಲಿಸ್ಟಿಂಗ್ ಸೇವೆ ತನ್ನ ನಿಯಮ ಬದಲಿಸಿತು: ಇನ್ನು ಮುಂದೆ ಮರುನಮೂದು ಮಾಡಿ ದಿನಗಳ ಲೆಕ್ಕವನ್ನು ಸೊನ್ನೆಗೆ ತರುವಂತಿಲ್ಲ. ಮನೆ ಬೆಲೆಗಳ ದೊಡ್ಡ ಏರಿಕೆ ನಿಂತು, ಮಾರಾಟವಾಗದ ಮನೆಗಳು ಗುಡ್ಡೆಯಾಗತೊಡಗಿದ್ದ ಕಾಲ ಅದು. ಲೆಕ್ಕ ಅಳಿಸುವ ಆಸೆಯೂ ಆಗಲೇ ಹೆಚ್ಚು. ಪಕ್ಕದ ರೋಡ್ ಐಲೆಂಡ್ ರಾಜ್ಯದಲ್ಲಿ ಮಾತ್ರ ಹಳೆಯ ನಿಯಮವೇ ಮುಂದುವರಿಯಿತು. ಕ್ಯಾಥರೀನ್ ಟಕ್ಕರ್, ಜುವಾನ್‌ಜುವಾನ್ ಝಾಂಗ್ ಮತ್ತು ಟಿಂಗ್ ಝು ಎಂಬ ಮೂವರು ಸಂಶೋಧಕರು ಈ ಎರಡು ನೆರೆರಾಜ್ಯಗಳನ್ನು ಹೋಲಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ರೋಡ್ ಐಲೆಂಡಿಗೆ ಹೋಲಿಸಿದರೆ ಮ್ಯಾಸಚೂಸೆಟ್ಸಿನ ಮನೆಗಳ ಮಾರಾಟದ ಬೆಲೆ ನಿಯಮ ಬದಲಾದ ಮೇಲೆ ಸರಾಸರಿ 16,000 ಡಾಲರಿನಷ್ಟು ಇಳಿಯಿತು ಎಂಬುದು ಅವರ ಮುಖ್ಯ ಫಲಿತಾಂಶ. ಪೆಟ್ಟು ಹೆಚ್ಚಾಗಿ ಬಿದ್ದದ್ದು ಆಗಲೇ ಬಹಳ ದಿನಗಳಿಂದ ಮಾರಾಟಕ್ಕಿದ್ದ ಮನೆಗಳಿಗೆ. ಬೇರೆಯವರು ಕೊಳ್ಳದೆ ಬಿಟ್ಟದ್ದನ್ನು ನೋಡಿ ಕೊಳ್ಳುವವರು ಕಲಿಯುತ್ತಾರೆ ಎಂಬ ವಿವರಣೆಗೆ ಈ ಫಲಿತಾಂಶ ಸರಿಯಾಗಿ ಹೊಂದುತ್ತದೆ.

ಈ 16,000 ಡಾಲರನ್ನು ಎರಡು ರೀತಿಯಲ್ಲಿ ಓದಬಹುದು. ‘ನೋಡಿ, ಪಾರದರ್ಶಕತೆಯ ಹೆಸರಿನಲ್ಲಿ ಸಾಮಾನ್ಯ ಕುಟುಂಬಗಳ ಉಳಿತಾಯಕ್ಕೆ ಕತ್ತರಿ ಬಿತ್ತು’ ಎನ್ನುವುದು ಒಂದು. ಅದರಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಮೆರಿಕದ ಮಧ್ಯಮ ವರ್ಗದ ಬಹುಪಾಲು ಆಸ್ತಿ ಮನೆಯೇ. ಹಳೆಯ ನಿಯಮ ಇರುತ್ತದೆಂದು ನಂಬಿ ಮನೆಯನ್ನು ಮಾರಾಟಕ್ಕಿಟ್ಟಿದ್ದವರಿಗೆ ನಡುವಿನಲ್ಲಿ ನಿಯಮ ಬದಲಾದದ್ದು ಕಷ್ಟವನ್ನೇ ತಂದಿತು. ಆದರೆ ಹಿಂದಿನ ನಿಯಮದ ಕಾಲದಲ್ಲಿ ಆ ಹಣ ಯಾರ ಕಿಸೆಯಿಂದ ಬರುತ್ತಿತ್ತು ಎಂದು ಕೇಳಿಕೊಂಡರೆ ಚಿತ್ರ ಬದಲಾಗುತ್ತದೆ. ಮನೆ ಅದೇ, ಊರು ಅದೇ, ಕೊಳ್ಳುವವರ ಅಳತೆಗೋಲೂ ಅದೇ. ಬದಲಾದದ್ದು ಅವರಿಗೆ ಗೊತ್ತಿರುವ ಸಂಗತಿ ಮಾತ್ರ. ಹಾಗಿದ್ದರೆ ಹಿಂದೆ ಅವರು ಹೆಚ್ಚಿಗೆ ತೆತ್ತ ಹಣ ಮನೆಯ ಬೆಲೆಯಲ್ಲ, ಅವರ ಅರಿವುಗೇಡಿನ ಬೆಲೆ. ಕೊಳ್ಳುವವರೂ ಸಾಮಾನ್ಯ ಕುಟುಂಬದವರೇ, ಅವರ ಉಳಿತಾಯವೂ ಉಳಿತಾಯವೇ. ಒಬ್ಬರ ನಷ್ಟವನ್ನು ಎಣಿಸಿ ಇನ್ನೊಬ್ಬರ ನಷ್ಟವನ್ನು ಎಣಿಸದೆ ಬಿಡುವ ಲೆಕ್ಕ ನ್ಯಾಯದ ಲೆಕ್ಕವಾಗದು.

ಇದಕ್ಕಿಂತಲೂ ನನ್ನ ಮನಸ್ಸನ್ನು ಹೆಚ್ಚು ಕಲಕುವ ಸಾಕ್ಷ್ಯವೊಂದು ಸಾಲದ ಕಡತದಲ್ಲಿದೆ. ಅಮೆರಿಕದಲ್ಲಿ ಮನೆಸಾಲ ಕೊಡುವ ಮುನ್ನ ಸಾಲದಾತರು ಮೌಲ್ಯಮಾಪಕರಿಂದ ಮನೆಗೆ ಬೆಲೆ ಕಟ್ಟಿಸುತ್ತಾರೆ. ಸಾಲಗಳನ್ನು ಕೊಂಡುಕೊಳ್ಳುವ ಫ್ಯಾನಿ ಮೇ ಸಂಸ್ಥೆಯ 2005ರ 1004 ಎಂಬ ನಮೂನೆ ಈ ಕೆಲಸಕ್ಕೆ ಬಹುಕಾಲ ಬಳಕೆಯಾದದ್ದು. ಅದರಲ್ಲಿ ಮೌಲ್ಯಮಾಪಕರು ಉತ್ತರಿಸಲೇಬೇಕಾದ ಒಂದು ಪ್ರಶ್ನೆ ಇದೆ: ಈ ಮನೆ ಈಗ ಮಾರಾಟಕ್ಕಿದೆಯೇ, ಅಥವಾ ಹಿಂದಿನ ಹನ್ನೆರಡು ತಿಂಗಳಲ್ಲಿ ಮಾರಾಟಕ್ಕೆ ಬಂದಿತ್ತೇ? ಬಂದಿದ್ದರೆ ಯಾವ ದಿನ, ಎಷ್ಟು ಬೆಲೆಗೆ, ಈ ಮಾಹಿತಿ ಸಿಕ್ಕಿದ್ದೆಲ್ಲಿ ಎಂಬುದನ್ನೆಲ್ಲ ಬರೆಯಬೇಕು. ಅಂದರೆ ಸಾಲ ಕೊಡುವವರು ಮರುನಮೂದಿನ ಸೊನ್ನೆಯನ್ನು ನಂಬುವುದಿಲ್ಲ, ಅದರ ಹಿಂದೆ ಏನಿದೆ ಎಂದು ಹುಡುಕಿಸುತ್ತಾರೆ. ಸಾಲದಾತರಿಗೆ ಅಡಮಾನದ ಭದ್ರತೆಯಿದೆ, ವಕೀಲರಿದ್ದಾರೆ, ಒಂದು ಸಾಲ ಕೆಟ್ಟರೂ ತಾಳಿಕೊಳ್ಳುವ ಸಾವಿರ ಸಾಲಗಳಿವೆ. ಅವರಿಗೇ ಬೇಕೆನಿಸಿದ ಸಂಗತಿ ಮೂವತ್ತು ವರ್ಷ ಕಂತು ಕಟ್ಟಬೇಕಾದ ಕುಟುಂಬಕ್ಕೆ ಬೇಡವೇ? ಕೊಳ್ಳುವವರಿಗೂ ಮೌಲ್ಯಮಾಪನದ ಪ್ರತಿ ಸಿಗುತ್ತದೆ, ನಿಜ. ಆದರೆ ಅದು ಬರುವುದು ಸಾಮಾನ್ಯವಾಗಿ ಬೆಲೆ ಕುದುರಿ, ಕರಾರಿಗೆ ಸಹಿ ಬಿದ್ದ ಮೇಲೆ. ಚೌಕಾಸಿ ಮುಗಿದ ನಂತರ ಕೈಗೆ ಬಂದ ಸುಳಿವಿನಿಂದ ಚೌಕಾಸಿ ಮಾಡಲಾಗದು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ‘ಇದರಲ್ಲಿ ಸುಳ್ಳೆಲ್ಲಿದೆ?’ ಎಂಬುದು ಎಲ್ಲಕ್ಕಿಂತ ಮೊದಲು ಬರುವ ಮಾತು. ಹಳೆಯ ಕರಾರು ರದ್ದಾಗಿದೆ, ಹೊಸದಕ್ಕೆ ಸಹಿಯಾಗಿದೆ, ಹೊಸ ನಮೂದು ಅಂದೇ ಹುಟ್ಟಿದೆ. ಸೊನ್ನೆ ದಿನ ಎಂಬುದು ಅಕ್ಷರಶಃ ಸತ್ಯವಲ್ಲವೇ? ಅಕ್ಷರಶಃ ಸತ್ಯವಾದ ಮಾತಿನಿಂದಲೂ ಎದುರಿನವರ ಮನಸ್ಸಿನಲ್ಲಿ ಸುಳ್ಳು ಚಿತ್ರ ಮೂಡಿಸಬಹುದು ಎಂಬುದು ವ್ಯವಹಾರ ತಿಳಿದವರಿಗೆಲ್ಲ ಗೊತ್ತು. ಈ ಅಂಕಿಯನ್ನು ಓದುವ ಯಾರೂ ಕರಾರಿನ ವಯಸ್ಸನ್ನು ಕೇಳುತ್ತಿಲ್ಲ. ಮನೆ ಎಷ್ಟು ದಿನದಿಂದ ಮಾರಾಟಕ್ಕಿದೆ ಎಂದು ಕೇಳುತ್ತಿದ್ದಾರೆ, ಸೊನ್ನೆ ಎಂಬ ಉತ್ತರ ಕೊಟ್ಟವರಿಗೂ ಅದು ಗೊತ್ತಿದೆ. ಓದುವವರು ತಪ್ಪು ತಿಳಿಯದಿದ್ದರೆ ಈ ಇಡೀ ಶ್ರಮಕ್ಕೆ ಫಲವೇ ಇಲ್ಲವಲ್ಲ! ಅಮೆರಿಕದ ರಿಯಲ್ಟರ್‌ಗಳ ರಾಷ್ಟ್ರೀಯ ಸಂಘ 1908ರಲ್ಲಿ ಷಿಕಾಗೋದಲ್ಲಿ ಹುಟ್ಟಿದ್ದು. 1913ರಲ್ಲೇ ಅದು ತನಗೊಂದು ನೀತಿಸಂಹಿತೆ ರೂಪಿಸಿಕೊಂಡಿತು. ಜಾಹೀರಾತಿನಲ್ಲೂ ಮಾರಾಟದ ಎಲ್ಲ ಮಾತುಗಳಲ್ಲೂ ನಿಜವಾದ ಚಿತ್ರವನ್ನೇ ಕೊಡಬೇಕು ಎಂದು ಅದರ ಹನ್ನೆರಡನೆಯ ವಿಧಿ ಹೇಳುತ್ತದೆ. ಆ ವಿಧಿ ಕೇಳುವುದು ಬಿಡಿ ಪದಗಳ ಸತ್ಯವನ್ನಲ್ಲ, ಒಟ್ಟು ಚಿತ್ರದ ಸತ್ಯವನ್ನು. ಹಳೆಯ ಕಾರು ಮಾರುವಾಗ ಅದು ಓಡಿದ ದೂರದ ಮೀಟರನ್ನು ಹಿಂದಕ್ಕೆ ತಿರುಗಿಸುವುದನ್ನು ಅಮೆರಿಕದ ಕೇಂದ್ರ ಕಾನೂನು 1972ರಿಂದ ನಿಷೇಧಿಸಿದೆ. ಕಾರಿನ ಮೀಟರು ಯಂತ್ರದ ಸವೆತವನ್ನು ಅಳೆಯುತ್ತದೆ, ಮಾರಾಟಕ್ಕಿಟ್ಟ ಮಾತ್ರಕ್ಕೆ ಮನೆ ಸವೆಯುವುದಿಲ್ಲ; ಈ ಹೋಲಿಕೆ ಅಷ್ಟರಮಟ್ಟಿಗೆ ಸಡಿಲ ಎಂದು ಒಪ್ಪುತ್ತೇನೆ. ಆದರೆ ಎರಡೂ ಕಡೆ ನಡೆಯುವ ಕೆಲಸ ಒಂದೇ. ಕೊಳ್ಳುವವರು ನಂಬಿ ಓದುವ ಮಾಪಕಕ್ಕೆ, ಅವರು ನಂಬುತ್ತಾರೆಂಬ ಕಾರಣಕ್ಕೇ, ಮಾರುವ ಕಡೆಯವರು ಕೈ ಹಾಕುತ್ತಾರೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಏಜೆಂಟರು ಮಾರುವವರ ಪ್ರತಿನಿಧಿ, ಅವರಿಗೆ ಹೆಚ್ಚು ಬೆಲೆ ತಂದುಕೊಡುವುದೇ ಅವರ ಧರ್ಮ, ಎದುರಿನವರ ಹಿತ ನೋಡಲು ಅವರದೇ ಏಜೆಂಟರಿದ್ದಾರೆ ಎಂಬುದು. ತನ್ನ ಕಕ್ಷಿದಾರರ ಹಿತ ಕಾಯಬೇಕು ಎಂದು ಮೇಲೆ ಹೇಳಿದ ಸಂಹಿತೆಯ ಮೊದಲ ವಿಧಿಯೇ ಹೇಳುತ್ತದೆ. ಆದರೆ ಅದೇ ವಿಧಿ, ಎಲ್ಲ ಪಕ್ಷದವರೊಂದಿಗೂ ಪ್ರಾಮಾಣಿಕವಾಗಿರುವ ಹೊಣೆ ಇದರಿಂದ ಕಳಚುವುದಿಲ್ಲ ಎಂದೂ ಸೇರಿಸುತ್ತದೆ. ಅದಿರಲಿ, ಮರುನಮೂದು ನಿಜಕ್ಕೂ ಯಾರ ಹಿತಕ್ಕಾಗಿ ಎಂಬುದನ್ನೂ ಕೇಳಬೇಕು. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಷಿಕಾಗೋ ಸುತ್ತಲಿನ ಸುಮಾರು ಒಂದು ಲಕ್ಷ ಮಾರಾಟಗಳನ್ನು ಪರಿಶೀಲಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಅದನ್ನು ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾಲ ಮಾರುಕಟ್ಟೆಯಲ್ಲಿಟ್ಟು, ಶೇ. 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಗಿರಾಕಿಯ ಮನೆಯ ಬೆಲೆ ಹತ್ತು ಸಾವಿರ ಡಾಲರ್ ಹೆಚ್ಚಿದರೆ ಏಜೆಂಟರ ಕೈಗೆ ಬರುವುದು ಅದರ ಸಣ್ಣ ತುಣುಕು. ಬೇಗ ಮಾರಿ ಮುಗಿಸುವುದರಲ್ಲೇ ಅವರಿಗೆ ಲಾಭ. ಸ್ವಂತ ಮನೆಗೆ ಕಾಯುವ ತಾಳ್ಮೆ ತೋರುವವರು, ಗಿರಾಕಿಯ ಮನೆಯ ವಿಷಯ ಬಂದಾಗ, ಕಾದ ದಿನಗಳನ್ನೇ ಅಳಿಸಿಬಿಡೋಣ ಎಂದು ಸಲಹೆ ಕೊಡುತ್ತಿದ್ದರೆ ಆ ಸಲಹೆಯನ್ನು ಎರಡು ಬಾರಿ ತೂಗಿ ನೋಡಬೇಕು. ಆರಂಭದಲ್ಲೇ ‘ಈ ಬೆಲೆ ಜಾಸ್ತಿಯಾಯಿತು’ ಎಂದು ಹೇಳುವ ಕಷ್ಟದ ಮಾತಿನಿಂದ ಏಜೆಂಟರನ್ನು ಮರುನಮೂದು ಪಾರು ಮಾಡುತ್ತದೆ. ಕರಾರು ಸಿಗಲೆಂದು ದೊಡ್ಡ ಬೆಲೆಯ ಆಸೆ ತೋರಿಸಿ, ಮಾರಾಟವಾಗದಿದ್ದಾಗ ಲೆಕ್ಕ ಅಳಿಸಿ ಮತ್ತೆ ಶುರು ಮಾಡಿದರೆ ಮೊದಲ ಸಲಹೆಯ ತಪ್ಪಿಗೆ ಸಾಕ್ಷಿಯೇ ಉಳಿಯುವುದಿಲ್ಲ.

ಮೂರನೆಯ ಆಕ್ಷೇಪದಲ್ಲಿ ನೋವಿದೆ, ಅದನ್ನು ಗೌರವದಿಂದಲೇ ಕೇಳಿಸಿಕೊಳ್ಳಬೇಕು. ಒಳ್ಳೆಯ ಮನೆಯೂ ಮಾರಾಟವಾಗದೆ ಉಳಿಯಬಹುದು. ಬಾಸ್ಟನ್ನಿನ ಹಿಮದಲ್ಲಿ ಜನವರಿಯಲ್ಲಿ ಮನೆ ನೋಡಲು ಬರುವವರು ಕಡಿಮೆ. ಕೊಳ್ಳಲು ಒಪ್ಪಿದವರ ಸಾಲ ಕೊನೆಯ ವಾರದಲ್ಲಿ ಕೈಕೊಡುತ್ತದೆ, ಮನೆ ಮತ್ತೆ ಪಟ್ಟಿಗೆ ಬರುತ್ತದೆ. 2010ರ ಜುಲೈನಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿದ್ದ ಮನೆಗಳು ಆಗಿನ ವೇಗದಲ್ಲಿ ಕರಗಲು ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಗಿತ್ತು. ಅಂಥ ಕಾಲದಲ್ಲಿ ನೂರೈವತ್ತು ದಿನ ಎಂಬುದು ಯಾವ ಮನೆಯ ದೋಷವನ್ನೂ ಹೇಳುವುದಿಲ್ಲ. ಜನ ಕಾರಣ ಕೇಳದೆ ಅಂಕಿ ನೋಡಿ ಮುಖ ತಿರುಗಿಸುತ್ತಾರೆ, ಅವರನ್ನು ನೋಡಿ ಮುಂದಿನವರೂ ತಿರುಗಿಸುತ್ತಾರೆ, ಒಂದು ನಿರಪರಾಧಿ ಮನೆಗೆ ಕಳಂಕ ಅಂಟುತ್ತದೆ. ಇದು ನಿಜವಾದ ಅನ್ಯಾಯ. ಆದರೆ ಇದಕ್ಕೆ ಮದ್ದು ಯಾವುದು? ಅಂಕಿ ಅರ್ಧ ಹೇಳುತ್ತಿರುವುದರಿಂದ ಈ ಅನ್ಯಾಯ ಆಗುತ್ತಿದೆ. ಆ ಅರ್ಧವನ್ನೂ ಅಳಿಸಿದರೆ ಅದು ತಪ್ಪುವುದಿಲ್ಲ, ಉಳಿದರ್ಧವನ್ನು ಸೇರಿಸಿದರೆ ತಪ್ಪುತ್ತದೆ. ಟೇಲರ್ ಅವರ ವಿಚಾರಸರಣಿ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಮೊದಲು ಹೇಳಿದ ಬೆಲೆ ಅತಿಯಾಗಿತ್ತು ಎಂದು ಗೊತ್ತಾದರೆ ಕೊಳ್ಳುವವರು ವಿಳಂಬದ ಹೊಣೆಯನ್ನು ಬೆಲೆಯ ಮೇಲೆ ಹೊರಿಸುತ್ತಾರೆ, ಮನೆಯ ಮೇಲೆ ಹೊರಿಸುವುದಿಲ್ಲ. ಬೆಲೆ ಅತಿಯಾಗುವುದಕ್ಕೂ ಮನುಷ್ಯಸಹಜ ಕಾರಣಗಳಿವೆ. ಬಾಸ್ಟನ್ ನಗರದ ಫ್ಲ್ಯಾಟುಗಳ 1990ರ ದಶಕದ ಮಾರಾಟವನ್ನು ಪರೀಕ್ಷಿಸಿದ ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್, ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದ ಸ್ಥಿತಿಗೆ ಬಂದವರು ಉಳಿದವರಿಗಿಂತ ಹೆಚ್ಚಿನ ಬೆಲೆ ಹೇಳುತ್ತಾರೆ, ಅವರ ಮನೆ ಬೇಗ ಮಾರಾಟವಾಗುವ ಸಾಧ್ಯತೆಯೂ ಕಡಿಮೆ ಎಂದು 2001ರಲ್ಲಿ ತೋರಿಸಿದರು. ನಷ್ಟ ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ, ಅಷ್ಟೇ. ಅಂಥವರ ಮನೆ ಆರು ತಿಂಗಳು ಉಳಿದಿದ್ದರೆ, ನಾಲ್ಕು ತಿಂಗಳು ಬೆಲೆ ಮೇಲಿತ್ತು, ಈಗ ಇಳಿದಿದೆ ಎಂಬ ಪೂರ್ತಿ ಚರಿತ್ರೆಯೇ ಅವರ ಮನೆಯನ್ನು ಕಳಂಕದಿಂದ ಬಿಡಿಸುತ್ತದೆ.

ಅಳಿಸುವ ಪದ್ಧತಿಯಿಂದ ಹೆಚ್ಚು ಪೆಟ್ಟು ತಿನ್ನುವವರು ಯಾರೆಂದರೆ, ಅಳಿಸದೆ ಇರುವ ಮಾರಾಟಗಾರರು. ಒಂದೇ ಬೀದಿಯಲ್ಲಿ ಎರಡು ಮನೆಗಳು ತೊಂಬತ್ತು ದಿನದಿಂದ ಮಾರಾಟಕ್ಕಿವೆ. ಒಂದರ ಲೆಕ್ಕ ಸೊನ್ನೆಗಿಳಿಯಿತು, ಇನ್ನೊಂದರದು ಹಾಗೇ ಉಳಿಯಿತು. ಎರಡನೆಯವರು ಈಗ ತಮ್ಮ ತೊಂಬತ್ತು ದಿನಕ್ಕೆ ಮಾತ್ರವಲ್ಲ, ನೆರೆಯವರ ಸೊನ್ನೆಗೂ ಬೆಲೆ ತೆರಬೇಕು. ಹೀಗೆ ಪ್ರಾಮಾಣಿಕರಿಗೆ ದಂಡ ಬೀಳತೊಡಗಿದರೆ ಅವರೂ ಅಳಿಸತೊಡಗುತ್ತಾರೆ. ಎಲ್ಲರೂ ಅಳಿಸಿದ ಮೇಲೆ ‘ಹೊಸತು’ ಎಂಬ ಗುರುತನ್ನು ಯಾರೂ ನಂಬುವುದಿಲ್ಲ. ಆಗ ನಿಜಕ್ಕೂ ನಿನ್ನೆಯಷ್ಟೇ ಮಾರಾಟಕ್ಕೆ ಬಂದ ಮನೆಯವರೂ ಅನುಮಾನದ ಕಣ್ಣಿಗೆ ಬೀಳುತ್ತಾರೆ.

‘ಆಸಕ್ತಿಯಿದ್ದವರು ಹುಡುಕಿಕೊಳ್ಳಲಿ, ಹಳೆಯ ಬೆಲೆಗಳ ವಿವರ ಜಿಲ್ಲೋ, ರೆಡ್‌ಫಿನ್‌ನಂಥ ತಾಣಗಳಲ್ಲಿ ಸಿಗುತ್ತದಲ್ಲ’ ಎನ್ನುವವರೂ ಇದ್ದಾರೆ. ಕೆಲವು ಕಡೆ ಸಿಗುತ್ತದೆ, ಕೆಲವು ಕಡೆ ಅರ್ಧಂಬರ್ಧ ಸಿಗುತ್ತದೆ. ಪಟ್ಟಿಯ ಒಳಗಿನ ಪೂರ್ಣ ಚರಿತ್ರೆ ಏಜೆಂಟರಿಗೆ ತೆರೆದಷ್ಟು ಜನರಿಗೆ ತೆರೆದಿರುವುದಿಲ್ಲ. ಹಾಗಾಗಿ ಮರುನಮೂದಿನಿಂದ ಮೋಸಹೋಗುವವರು ಅನುಭವಸ್ಥ ಹೂಡಿಕೆದಾರರಲ್ಲ, ಮೊದಲ ಬಾರಿ ಮನೆ ಕೊಳ್ಳುವವರು. ಅಂಥವರಲ್ಲಿ ನಮ್ಮವರೂ ಅನೇಕರಿದ್ದಾರೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿ ಮನೆ ಹುಡುಕುವ ಕನ್ನಡದ ಕುಟುಂಬಗಳಿಗೆ ಅಲ್ಲಿ ತಲೆಮಾರಿನ ಪರಿಚಯವಿಲ್ಲ, ‘ಆ ಮನೆ ಹೋದ ವರ್ಷವೂ ಮಾರಾಟಕ್ಕಿತ್ತಲ್ಲ’ ಎಂದು ನೆನಪಿಸುವ ಸೋದರಮಾವನೋ ಪಕ್ಕದ ಬೀದಿಯ ಹಿರಿಯರೋ ಇಲ್ಲ. ಊರಿನ ನೆನಪು ಯಾರಿಗಿಲ್ಲವೋ ಅವರಿಗೆ ಪಟ್ಟಿಯೇ ನೆನಪು. ಅಂಥವರು ತಮ್ಮ ಪರವಾದ ಏಜೆಂಟರನ್ನು ಕೇಳಬೇಕಾದದ್ದು ಇಷ್ಟು: ಒಟ್ಟು ದಿನಗಳೆಷ್ಟು, ಹಿಂದಿನ ನಮೂದುಗಳೆಷ್ಟು, ಪ್ರತಿ ಸಲದ ಬೆಲೆ ಏನು. ಕೇಳಿದರೆ ತೋರಿಸುವುದು ಅವರಿಗೆ ಕಷ್ಟದ ಕೆಲಸವಲ್ಲ.

ಮರುನಮೂದು ಯಾವಾಗಲೂ ತಪ್ಪು ಎಂಬುದು ನನ್ನ ಮಾತಲ್ಲ. ಅಡುಗೆಮನೆಯನ್ನೇ ಬದಲಿಸಿ, ಛಾವಣಿ ಹೊಸದಾಗಿ ಹಾಕಿಸಿ ಮಾರಾಟಕ್ಕಿಟ್ಟರೆ ಅದು ಬೇರೆ ಸರಕು ಎನ್ನಬಹುದು. ಮಾರುವ ಯೋಚನೆ ಕೈಬಿಟ್ಟು, ಒಂದು ವರ್ಷ ಅದರಲ್ಲೇ ಬಾಳಿ, ಮತ್ತೆ ಮಾರಲು ಹೊರಟವರಿಗೆ ಹಳೆಯ ಲೆಕ್ಕ ಅಂಟಿಸುವುದೂ ಸರಿಯಲ್ಲ. ಅಮೆರಿಕದ ಅನೇಕ ಪಟ್ಟಿಗಳು ಇದಕ್ಕೆ ಎರಡು ಲೆಕ್ಕಗಳ ಉಪಾಯ ಮಾಡಿವೆ: ಈಗಿನ ನಮೂದಿನ ದಿನಗಳು ಒಂದು, ಹಿಂದಿನವೂ ಸೇರಿದ ಒಟ್ಟು ದಿನಗಳು ಇನ್ನೊಂದು. ಮನೆ ಮೂವತ್ತೋ ಅರವತ್ತೋ ತೊಂಬತ್ತೋ ದಿನ ಪಟ್ಟಿಯಿಂದ ಪೂರ್ತಿ ಹೊರಗಿದ್ದರೆ ಮಾತ್ರ ಒಟ್ಟು ಲೆಕ್ಕ ಮತ್ತೆ ಶುರುವಾಗುತ್ತದೆ. ಅವಧಿ ಎಷ್ಟೆಂಬುದು ಊರಿನಿಂದ ಊರಿಗೆ ಬೇರೆ. ನನ್ನ ಮಟ್ಟಿಗೆ ಮೂವತ್ತು ದಿನ ತೀರ ಕಡಿಮೆ. ಡಿಸೆಂಬರಿನಲ್ಲಿ ಹಿಂತೆಗೆದು ಜನವರಿ ಕೊನೆಗೆ ಹೊಸ ಮುಖದಲ್ಲಿ ಬರಲು ಅಷ್ಟು ಸಾಕು. ತೊಂಬತ್ತು ದಿನ ಕಾಯಬೇಕಾದರೆ, ಲೆಕ್ಕ ಅಳಿಸುವುದಕ್ಕಾಗಿಯೇ ಮನೆ ಹಿಂತೆಗೆಯುವವರು ಎರಡು ಸಲ ಯೋಚಿಸುತ್ತಾರೆ.

ಇತ್ತೀಚೆಗೆ ವಾದದ ಸ್ವರೂಪ ಬದಲಾಗಿದೆ. ಅಳಿಸುವ ಗೋಜೇ ಬೇಡ, ಲೆಕ್ಕ ಶುರುವಾಗುವುದನ್ನೇ ಮುಂದೂಡೋಣ ಎಂಬ ದಾರಿ ಬಂದಿದೆ. ಕಂಪಾಸ್ ಎಂಬ ದೊಡ್ಡ ದಲ್ಲಾಳಿ ಸಂಸ್ಥೆ, ಮನೆಯನ್ನು ಮೊದಲು ತನ್ನ ವಲಯದೊಳಗೆ ಮಾತ್ರ ತೋರಿಸಿ ಆಮೇಲೆ ಎಂ.ಎಲ್.ಎಸ್.ಗೆ ತರುವ ಹಂತಹಂತದ ಮಾರಾಟವನ್ನು ಪ್ರಚಾರ ಮಾಡಿತು. ದಿನಗಳ ಲೆಕ್ಕವೂ ಬೆಲೆ ಇಳಿಸಿದ ಚರಿತ್ರೆಯೂ ಕಾಣದಿರುವುದು ಅದರ ಅನುಕೂಲಗಳಲ್ಲೊಂದು ಎಂದಿತು. ಬಹಿರಂಗ ಪ್ರಚಾರ ಮಾಡಿದ ಮನೆಯನ್ನು ಒಂದು ಕೆಲಸದ ದಿನದೊಳಗೆ ಪಟ್ಟಿಗೆ ಸೇರಿಸದಿದ್ದರೆ ತನ್ನ ತಾಣದಲ್ಲಿ ತೋರಿಸುವುದಿಲ್ಲ ಎಂದು ಜಿಲ್ಲೋ 2025ರಲ್ಲಿ ಘೋಷಿಸಿತು, ಅದೇ ವರ್ಷದ ಜೂನ್‌ನಲ್ಲಿ ಕಂಪಾಸ್ ಅದರ ಮೇಲೆ ಮೊಕದ್ದಮೆ ಹೂಡಿತು. ಮನೆ ಮಾರುವವರ ಇಷ್ಟ, ಅವರಿಗೆ ಆಯ್ಕೆ ಇರಬೇಕು ಎಂಬುದು ಒಂದು ಪಕ್ಷದ ಮಾತು. ಮನೆಯನ್ನು ಯಾರಿಗೆ, ಯಾವಾಗ, ಎಷ್ಟಕ್ಕೆ ಮಾರಬೇಕು ಎಂಬುದು ಖಂಡಿತ ಅವರ ಇಷ್ಟ. ಆದರೆ ಎಲ್ಲರ ಮುಂದಿಟ್ಟು, ಎಲ್ಲರೂ ನೋಡಿ ಬಿಟ್ಟ ಸಂಗತಿ ಅವರೊಬ್ಬರ ಸೊತ್ತಲ್ಲ. ಖಾಸಗಿಯಾಗಿ ತೋರಿಸಿದ ದಿನಗಳಲ್ಲೂ ಯಾರೋ ನೋಡಿ ಬೇಡವೆಂದಿದ್ದಾರೆ. ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಯೇ ಮನೆ ಪಟ್ಟಿಗೆ ಬರಬೇಕು ಎಂಬುದು ನನ್ನ ನಿಲುವು.

ನಮ್ಮ ಬೆಂಗಳೂರಿನ ವಿಷಯಕ್ಕೆ ಬಂದರೆ, ಅಳಿಸಲು ಇಲ್ಲಿ ಲೆಕ್ಕವೇ ಇಲ್ಲ. ಅಮೆರಿಕದಂಥ ಹಂಚಿಕೆಯ ಪಟ್ಟಿಯನ್ನು ನಮ್ಮ ಬ್ರೋಕರುಗಳು ಕಟ್ಟಿಕೊಂಡಿಲ್ಲ. ಒಂದೇ ಫ್ಲ್ಯಾಟನ್ನು ಮೂರು ನಾಲ್ಕು ಮಂದಿ ಬೇರೆಬೇರೆ ಬೆಲೆಗೆ, ಬೇರೆಬೇರೆ ದಿನಾಂಕದಲ್ಲಿ ಜಾಲತಾಣಗಳಿಗೆ ಏರಿಸುತ್ತಾರೆ. ತಿಂಗಳುಗಟ್ಟಲೆ ಹಳೆಯದಾದ ಜಾಹೀರಾತು ‘ಇವತ್ತು ಸೇರಿಸಿದ್ದು’ ಎಂಬ ಮೊಹರು ಹೊತ್ತು ಮತ್ತೆ ಮೇಲಕ್ಕೆ ಬರುತ್ತದೆ. 2016ರ ರೇರಾ ಕಾಯಿದೆ ಬಿಲ್ಡರುಗಳ ಹೊಸ ಯೋಜನೆಗಳಿಗೆ ಒಂದು ಶಿಸ್ತು ತಂದಿತು. ಅದರ 11ನೆಯ ಸೆಕ್ಷನ್ ಪ್ರಕಾರ ಎಷ್ಟು ಫ್ಲ್ಯಾಟು ಬುಕ್ ಆಗಿವೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಹಾಕಬೇಕು, ಹಾಗಾಗಿ ಉಳಿದಿರುವುದೆಷ್ಟು ಎಂಬುದೂ ಗೊತ್ತಾಗುತ್ತದೆ. ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿದವರಿಗೆ 12ನೆಯ ಸೆಕ್ಷನ್ ಪರಿಹಾರ ಕೊಡಿಸುತ್ತದೆ. ಏಜೆಂಟರ ನೋಂದಣಿಯೂ ನೋಂದಾಯಿತ ಯೋಜನೆಗಳ ವ್ಯವಹಾರಕ್ಕೆ ಅನ್ವಯಿಸುವಂಥದ್ದು. ಹಳೆಯ ಮನೆ, ಹಳೆಯ ಫ್ಲ್ಯಾಟುಗಳ ಮರುಮಾರಾಟ ಇದರಾಚೆಗೇ ಉಳಿಯಿತು. ಅಲ್ಲಿ ಮನೆ ಯಾವಾಗಿನಿಂದ ಮಾರಾಟಕ್ಕಿದೆ ಎಂದು ಕೊಳ್ಳುವವರಿಗೆ ಖಚಿತವಾಗಿ ತಿಳಿಯುವ ದಾರಿಯಿಲ್ಲ.

ಈಗ ಆ ದಾರಿ ಮಾಡುವುದು ಹಿಂದಿನಷ್ಟು ಕಷ್ಟವಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ, ಪ್ರತಿ ಆಸ್ತಿಗೂ ಅದರದೇ ಗುರುತಿನ ಸಂಖ್ಯೆಯಿದೆ. ಆಸ್ತಿ ಜಾಲತಾಣಗಳು ಮಾರಾಟದ ಜಾಹೀರಾತು ಸ್ವೀಕರಿಸುವಾಗ ಆ ಸಂಖ್ಯೆಯನ್ನು ಕೇಳಿ ಪಡೆಯಲಿ. ಸಂಖ್ಯೆಯನ್ನಾಗಲಿ ಮಾಲೀಕರ ಹೆಸರನ್ನಾಗಲಿ ಜನರಿಗೆ ತೋರಿಸಬೇಕಾಗಿಲ್ಲ. ಆ ಆಸ್ತಿ ತಮ್ಮ ತಾಣದಲ್ಲಿ ಮೊದಲು ಮಾರಾಟಕ್ಕೆ ಬಂದ ದಿನಾಂಕ, ಅಂದಿನ ಬೆಲೆ, ಇಂದಿನ ಬೆಲೆ, ಈ ಮೂರು ಸಾಲು ತೋರಿಸಿದರೆ ಸಾಕು. ನಾಲ್ಕು ಬ್ರೋಕರುಗಳು ನಾಲ್ಕು ಜಾಹೀರಾತು ಹಾಕಿದರೂ ದಿನಾಂಕ ಒಂದೇ ಉಳಿಯುತ್ತದೆ. ಜೊತೆಗೆ ಮಾರುವವರು ತಮ್ಮ ಕಾರಣ ಬರೆಯಲು ಒಂದು ಸಾಲು ಬಿಡಬೇಕು: ಕೊಳ್ಳಲು ಒಪ್ಪಿದವರ ಸಾಲ ಮಂಜೂರಾಗಲಿಲ್ಲ, ಖಾತೆಯ ತಿದ್ದುಪಡಿ ತಡವಾಯಿತು, ಬಾಡಿಗೆದಾರರು ಮನೆ ಬಿಡಲು ಸಮಯ ಹಿಡಿಯಿತು. ಮ್ಯಾಸಚೂಸೆಟ್ಸಿನಲ್ಲಿ 2006ರಲ್ಲಿ ನಿಯಮ ಬದಲಿಸಿದ್ದು ಸರ್ಕಾರವಲ್ಲ, ದಲ್ಲಾಳಿಗಳದೇ ಪಟ್ಟಿ. ಇಲ್ಲಿಯೂ ಕಾಯಿದೆಯ ತಿದ್ದುಪಡಿಗೆ ಕಾಯದೆ ಒಂದು ದೊಡ್ಡ ತಾಣ ಇದನ್ನು ಮೊದಲು ಮಾಡಬಹುದು. ಮೂರು ಸಾಲಿನ ಚರಿತ್ರೆ ಇರುವ ಜಾಹೀರಾತೂ ಇಲ್ಲದ ಜಾಹೀರಾತೂ ಅಕ್ಕಪಕ್ಕ ನಿಂತಾಗ ಕೊಳ್ಳುವವರು ಮೊದಲು ಯಾವುದಕ್ಕೆ ಫೋನ್ ಮಾಡುತ್ತಾರೆ ಎಂಬುದನ್ನು ಬ್ರೋಕರುಗಳೇ ಬೇಗ ಕಂಡುಕೊಳ್ಳುತ್ತಾರೆ.